ಆರೋಪಿಯ ಮಾತು, ಆರೋಪಿಯ ಮೌನ

ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕು, ಮಾಡದವನಿಗೆ ಆಗಕೂಡದು. ಈ ಎರಡು ಮಾತುಗಳನ್ನು ಒಪ್ಪದವರು ಲೋಕದಲ್ಲಿ ಯಾರೂ ಇಲ್ಲ. ತೊಡಕು ಹುಟ್ಟುವುದು ಇವೆರಡನ್ನೂ ಒಂದೇ ನ್ಯಾಯಸ್ಥಾನದಲ್ಲಿ, ಒಬ್ಬನೇ ಮನುಷ್ಯನ ವಿಷಯದಲ್ಲಿ ನಡೆಸಬೇಕಾಗಿ ಬಂದಾಗ. ಅಲ್ಲಿ ನಿಂತಿರುವವನು ಕಳ್ಳನೋ ಸಾಧುವೋ ಎಂಬುದು ಮೊದಲೇ ಗೊತ್ತಿದ್ದರೆ ನ್ಯಾಯಸ್ಥಾನದ ಅಗತ್ಯವೇ ಇರುತ್ತಿರಲಿಲ್ಲ. ಗೊತ್ತಿಲ್ಲದುದರಿಂದಲೇ ವಿಚಾರಣೆ ಬೇಕಾಗುತ್ತದೆ. ವಿಚಾರಣೆಗೆ ನಿಯಮಗಳು ಬೇಕಾಗುತ್ತವೆ. ಆ ನಿಯಮಗಳು ಬಿಗಿಯಾದರೆ ಕಳ್ಳನು ತಪ್ಪಿಸಿಕೊಂಡನೆಂದು ಒಂದು ಪಕ್ಷದವರೂ, ಸಡಿಲವಾದರೆ ನಿರಪರಾಧಿಯು ಸಿಕ್ಕಿಬಿದ್ದನೆಂದು ಇನ್ನೊಂದು ಪಕ್ಷದವರೂ ಕೂಗುತ್ತಾರೆ. ೨೦೨೪ನೆಯ ಇಸವಿ ಜುಲೈ ೧ರಿಂದ ನಮ್ಮ ದೇಶದ ದಂಡಶಾಸನ, ದಂಡಪ್ರಕ್ರಿಯೆ, ಸಾಕ್ಷ್ಯಶಾಸನ ಈ ಮೂರೂ ಹೊಸ ಹೆಸರುಗಳಿಂದ ಜಾರಿಗೆ ಬಂದಮೇಲೆ ಈ ಚರ್ಚೆ ಮತ್ತೆ ಬಲಗೊಂಡಿದೆ. ಚರ್ಚೆ ಹೊಸದಲ್ಲ. ಅದರ ಒಂದು ಎಳೆಯನ್ನು ಮಾತ್ರ ಹಿಡಿದು ನಾವು ಇಂದು ಹಿಂದಕ್ಕೆ ಹೋಗಿ ಬರುವೆವು. ಆ ಎಳೆ ಯಾವುದೆಂದರೆ, ಆರೋಪಿಯ ಸ್ವಂತ ಬಾಯಿಯ ಮಾತು: ಅವನು ಆಡಿದ್ದಕ್ಕೆ ಎಷ್ಟು ಬೆಲೆ, ಆಡದಿದ್ದುದಕ್ಕೆ ಏನರ್ಥ.

ವಿಷಯವು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಹಿಡಿದುಕೊಳ್ಳೋಣ. ಕುಂದಾಪುರದಿಂದ ಉತ್ತರಕ್ಕೆ ಹೊಳೆಯನ್ನು ದಾಟಿದೊಡನೆ ತಲ್ಲೂರೆಂಬ ಗ್ರಾಮವಿದೆ. ಹತ್ತಿರದಲ್ಲಿಯೇ ಹಟ್ಟಿಯಂಗಡಿ, ಸ್ವಲ್ಪ ದೂರದಲ್ಲಿ ಒಂದು ಕಾಲಕ್ಕೆ ಕಡಲಾಚೆಯ ವರ್ತಕರಿಗೆಲ್ಲ ಪರಿಚಿತವಾಗಿದ್ದ ಬಸರೂರು. ತೆಂಗು, ಗದ್ದೆ, ಹಿನ್ನೀರು, ದೇವಸ್ಥಾನ ಇವುಗಳ ನಡುವಣ ಸಾಧಾರಣವಾದ ಊರು. ಇಲ್ಲಿಯ ಒಬ್ಬ ಹೆಸರಿಲ್ಲದ ಒಕ್ಕಲಿಗನ ಮೇಲೆ ಕಳವಿನ ಆಪಾದನೆ ಬಂದಿತೆಂದು ಭಾವಿಸೋಣ. ಇವನು ನಮ್ಮ ಕಲ್ಪನೆಯ ಮನುಷ್ಯ. ಆದರೆ ಇವನು ಹತ್ತಬೇಕಾದ ಕಟ್ಟೆಗಳೂ ಕಚೇರಿಗಳೂ ಕಲ್ಪನೆಯವಲ್ಲ. ಒಂದೊಂದು ಕಾಲದಲ್ಲಿ ಇವನ ಗತಿ ಏನಾಗುತ್ತಿದ್ದಿತು ಎಂಬುದನ್ನು ನೋಡುತ್ತ ಹೋದರೆ ನ್ಯಾಯದ ಇತಿಹಾಸವು ತಾನಾಗಿ ತೆರೆದುಕೊಳ್ಳುತ್ತದೆ.

ಕನ್ನಡನಾಡಿನಲ್ಲಿ ಹುಟ್ಟಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಧರ್ಮಶಾಸ್ತ್ರಗ್ರಂಥವೆಂದರೆ ವಿಜ್ಞಾನೇಶ್ವರನ ಮಿತಾಕ್ಷರೆ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವಾಗಿ ಇದು ರಚಿತವಾಯಿತು. ಅದರಂತೆ ವ್ಯವಹಾರವೆಂಬುದಕ್ಕೆ ನಾಲ್ಕು ಕಾಲುಗಳು: ವಾದಿಯ ದೂರು, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ಇಲ್ಲಿ ನಾವು ಗಮನಿಸಬೇಕಾದುದು ಎರಡನೆಯ ಕಾಲನ್ನು. ಆಪಾದಿತನ ಉತ್ತರವು ನ್ಯಾಯಾಧಿಪತಿಯ ದಯೆಯಿಂದ ದೊರೆಯತಕ್ಕ ಸೌಲಭ್ಯವಲ್ಲ. ಅದು ವ್ಯವಹಾರದ ಅಂಗವೇ ಆಗಿದೆ. ಅದಿಲ್ಲದೆ ವ್ಯವಹಾರ ನಿಲ್ಲಲಾರದು. ಒಪ್ಪಿಕೊಳ್ಳುವುದು, ನಿರಾಕರಿಸುವುದು, ಸಂಗತಿಯನ್ನು ಒಪ್ಪಿ ಬೇರೆ ಕಾರಣವನ್ನು ಹೇಳುವುದು, ಈ ವಿಷಯವು ಹಿಂದೆಯೇ ತೀರ್ಮಾನವಾಗಿದೆಯೆಂದು ತೋರಿಸುವುದು, ಹೀಗೆ ಉತ್ತರದಲ್ಲಿ ನಾಲ್ಕು ಬಗೆಗಳನ್ನು ಶಾಸ್ತ್ರಕಾರರು ವಿಂಗಡಿಸಿದ್ದಾರೆ. ಇಷ್ಟು ಸೂಕ್ಷ್ಮವಾದ ವಿಚಾರವು ಅಂದಿಗೇ ನಡೆದಿದ್ದುದು ಅಭಿಮಾನಪಡತಕ್ಕ ಸಂಗತಿಯೇ ಸರಿ.

ಆದರೆ ಅಭಿಮಾನವು ಕಣ್ಣು ಕಟ್ಟಬಾರದು. ಸಾಲ, ಗಡಿ ಮುಂತಾದ ವ್ಯವಹಾರಗಳಲ್ಲಿ ಉತ್ತರ ಹೇಳುವುದಕ್ಕೆ ಕಾಲಾವಕಾಶವನ್ನು ಕೊಡಬಹುದು. ಸಾಹಸ, ಕಳವು, ಬೈಗಳು ಮೊದಲಾದ ಆಪಾದನೆಗಳಲ್ಲಿ ಮಾತ್ರ ಕೂಡಲೇ ಉತ್ತರ ಹೇಳಿಸಬೇಕೆಂದು ಅದೇ ಸ್ಮೃತಿ ವಿಧಿಸುತ್ತದೆ. ಅಂದರೆ, ಕಳೆದುಕೊಳ್ಳುವುದು ಹೆಚ್ಚಾಗಿದ್ದವನಿಗೆ ಯೋಚಿಸುವ ಹೊತ್ತು ಕಡಿಮೆ. ಲಿಖಿತ, ಸಾಕ್ಷಿ, ಭುಕ್ತಿ ಇವು ದೊರೆಯದಿದ್ದಲ್ಲಿ ದಿವ್ಯವನ್ನು ಹೇಳಿದೆ: ತಕ್ಕಡಿ, ಬೆಂಕಿ, ನೀರು, ವಿಷ, ಕೋಶವೆಂದು ಐದು. ಇವುಗಳಲ್ಲಿಯೂ ಸಮತೆ ಇರಲಿಲ್ಲ. ಸ್ತ್ರೀಯರು, ಮಕ್ಕಳು, ಮುದುಕರು, ಕುರುಡರು, ಕುಂಟರು, ರೋಗಿಗಳು, ಇವರ ಸಂಗಡ ಬ್ರಾಹ್ಮಣರು, ಇಷ್ಟು ಜನಕ್ಕೆ ತಕ್ಕಡಿ. ಶೂದ್ರನಿಗೆ ಬೆಂಕಿಯೋ ನೀರೋ ವಿಷವೋ. ಅಶಕ್ತರಿಗೆ ತೋರಿಸಿದ ಕನಿಕರವು ಒಳ್ಳೆಯದು. ಆದರೆ ನಮ್ಮ ತಲ್ಲೂರಿನ ಒಕ್ಕಲಿಗನಿಗೆ ಕಾದ ಕಬ್ಬಿಣ, ಅವನ ಪಕ್ಕದ ಮನೆಯವನಿಗೆ ತಕ್ಕಡಿ ಎಂದಾಗ ಸತ್ಯವನ್ನು ಅಳೆಯುವ ಕೋಲೇ ಎರಡಾಯಿತು. ದೇವರ ಅಭಿಷೇಕಜಲವನ್ನು ಕುಡಿಸಿ ಹದಿನಾಲ್ಕು ದಿನ ಆಪತ್ತು ಬರುವುದೋ ಎಂದು ಕಾಯುವ ಕೋಶದಿವ್ಯಕ್ಕೂ, ಇಂದಿಗೂ ನಮ್ಮ ಕರಾವಳಿಯ ಜನರು ಮಾರಣಕಟ್ಟೆಗೋ ಧರ್ಮಸ್ಥಳಕ್ಕೋ ಹೋಗಿ ಆಣೆಯಿಡುವುದಕ್ಕೂ ಹೋಲಿಕೆ ಉಂಟು. ಮನುಷ್ಯರ ಪ್ರಮಾಣಗಳು ಮುಗಿದಲ್ಲಿ ದೈವಕ್ಕೆ ಒಪ್ಪಿಸುವುದು ನಂಬಿಕೆಯ ದೃಷ್ಟಿಯಿಂದ ಸಹಜ. ಅದರಿಂದ ಊರಿನ ಮನಸ್ತಾಪ ತೀರುವುದೂ ಉಂಟು. ಆದರೆ ಒಬ್ಬನ ದೇಹವನ್ನೋ ಸ್ವಾತಂತ್ರ್ಯವನ್ನೋ ಕಸಿದುಕೊಳ್ಳಲು ಅದು ಸಾಲದು.

ಇದಕ್ಕಿಂತ ಹಳೆಯದಾದ ಇನ್ನೊಂದು ಗ್ರಂಥದ ಮಾತು ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರದ್ದು. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯ ಓಲೆಗಳಲ್ಲಿ ಅಡಗಿದ್ದು, ಪಂಡಿತ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿಯಿತಷ್ಟೆ. ಅದರ ನಾಲ್ಕನೆಯ ಅಧಿಕರಣದಲ್ಲಿ ಆಪಾದಿತನನ್ನು ಮಾತಿನಿಂದಲೂ ಯಾತನೆಯಿಂದಲೂ ವಿಚಾರಿಸುವ ಪ್ರಕರಣವೊಂದಿದೆ. ಕೌಟಿಲ್ಯನು ಯಾತನೆಯನ್ನು ನಿಷೇಧಿಸಿದವನಲ್ಲ; ಅದರ ಬಗೆಗಳನ್ನು ನಿರ್ವಿಕಾರವಾಗಿ ಎಣಿಸುತ್ತಾನೆ. ಆದರೂ ಅಲ್ಪಾಪರಾಧದವರು, ಬಾಲರು, ವೃದ್ಧರು, ರೋಗಿಗಳು, ಹುಚ್ಚರು, ಹಸಿದವರು, ಬಾಯಾರಿದವರು, ದಾರಿ ನಡೆದು ದಣಿದವರು, ಇವರನ್ನು ಯಾತನೆಗೆ ಗುರಿಮಾಡಬಾರದೆಂದೂ ಹೇಳುತ್ತಾನೆ. ಅಲ್ಲಿಯೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಕಳ್ಳನಲ್ಲದ ಮಾಂಡವ್ಯನು ಯಾತನೆಯ ಭಯದಿಂದ ತಾನು ಕಳ್ಳನೆಂದು ಹೇಳಿಬಿಟ್ಟನು, ಆದುದರಿಂದ ಪ್ರಮಾಣಗಳೆಲ್ಲ ಪೂರ್ಣವಾದಮೇಲೆಯೇ ದಂಡನೆಯನ್ನು ವಿಧಿಸಬೇಕು. ರಾಜ್ಯದ ಬಲವೇ ಮುಖ್ಯವೆಂದು ಎಣಿಸಿದ ಕಠಿಣಹೃದಯದ ರಾಜನೀತಿಜ್ಞನೇ ಈ ಮಾತನ್ನು ಹೇಳಿರುವುದು ಗಮನಾರ್ಹ. ಕನಿಕರದಿಂದಲ್ಲ, ಅನುಭವದಿಂದ ಅವನು ಇದನ್ನು ಕಂಡುಕೊಂಡಿರಬೇಕು. ನೋವಿನಿಂದ ಹೊರಟ ಮಾತು ನೋವನ್ನು ನಿಲ್ಲಿಸುವ ಮಾತಾಗಿರುತ್ತದೆ. ಅದು ಸತ್ಯವಾಗಿಯೂ ಇರಬಹುದು, ಇಲ್ಲದೆಯೂ ಇರಬಹುದು.

ಮಹಾಭಾರತದಲ್ಲಿ ಬರುವ ಮಾಂಡವ್ಯನ ಕಥೆ ಇದಕ್ಕಿಂತ ಬೇರೆಯಾಗಿದೆ. ಅಲ್ಲಿ ಅವನು ಮೌನವ್ರತದಲ್ಲಿದ್ದ ಋಷಿ. ಕಳ್ಳರು ಓಡಿಬಂದು ಅವನ ಆಶ್ರಮದಲ್ಲಿ ಮಾಲನ್ನು ಬಚ್ಚಿಟ್ಟರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದರೆ ಅವನು ಮಾತಾಡಲಿಲ್ಲ. ಮಾಲು ಆಶ್ರಮದಲ್ಲಿ ಸಿಕ್ಕಿತು, ಮೌನವೇ ತಪ್ಪೊಪ್ಪಿಗೆಯಾಯಿತು, ರಾಜನು ಶೂಲಕ್ಕೇರಿಸಿದನು. ಬಳಿಕ ಆ ಋಷಿಯು ಯಮಧರ್ಮನನ್ನೇ ವಿಚಾರಿಸಿ, ಬಾಲ್ಯದಲ್ಲಿ ಅರಿಯದೆ ಮಾಡಿದ ಅಲ್ಪ ತಪ್ಪಿಗೆ ಇಷ್ಟು ದೊಡ್ಡ ದಂಡವೆ ಎಂದು ಶಪಿಸಿ, ಹದಿನಾಲ್ಕು ವರ್ಷದೊಳಗಿನವರ ಕೃತ್ಯವು ಪಾತಕವೆನಿಸದಂತೆ ಮರ್ಯಾದೆಯನ್ನು ಕಟ್ಟಿದನು. ಆ ಶಾಪದಿಂದ ಧರ್ಮನು ವಿದುರನಾಗಿ ಹುಟ್ಟಿದ ಸಂಗತಿ ಕೇಳುಗರಿಗೆಲ್ಲ ತಿಳಿದುದೇ. ಹೀಗೆ ನಮ್ಮ ಪರಂಪರೆಯಲ್ಲಿ ಇಬ್ಬರು ಮಾಂಡವ್ಯರಿದ್ದಾರೆ. ಒಬ್ಬನು ಮಾತಾಡಿ ಕೆಟ್ಟನು. ಇನ್ನೊಬ್ಬನು ಮಾತಾಡದೆ ಕೆಟ್ಟನು. ಇಬ್ಬರೂ ನಿರಪರಾಧಿಗಳು. ಮುಂದಿನ ಶಾಸನಚರಿತ್ರೆಯೆಲ್ಲ ಈ ಇಬ್ಬರನ್ನೂ ಕಾಪಾಡುವುದು ಹೇಗೆಂಬ ಪ್ರಶ್ನೆಯ ಸುತ್ತ ತಿರುಗಿದೆಯೆಂದರೆ ಅತಿಶಯೋಕ್ತಿಯಾಗದು.

ಈಗ ತಲ್ಲೂರಿನ ಕಡೆಗೆ ಹೊರಳೋಣ. ಕೆಳದಿಯ ಅರಸರ ಆಳಿಕೆ ೧೭೬೩ರಲ್ಲಿ ಕೊನೆಗೊಂಡು ಈ ಸೀಮೆ ಹೈದರನಿಗೂ, ಅವನ ತರುವಾಯ ಟಿಪ್ಪುವಿಗೂ ಸೇರಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಕಂಪೆನಿಯವರ ಕೈಸೇರಿತು. ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನು ಇಲ್ಲಿ ಇದ್ದುದು ೧೮೦೦ರವರೆಗೆ ಮಾತ್ರವಾದರೂ ಅವನ ಹೆಜ್ಜೆಯ ಗುರುತು ಆಳವಾಗಿ ಉಳಿಯಿತು. ೧೮೦೨ರಲ್ಲಿ ಮದರಾಸು ಸರ್ಕಾರವು ಬಂಗಾಳದ ಮಾದರಿಯಲ್ಲಿ ಕಾನೂನುಗಳನ್ನು ಹೊರಡಿಸಿ, ಕಂದಾಯ ಎತ್ತುವವನ ಕೈಯಿಂದ ನ್ಯಾಯಾಧಿಕಾರವನ್ನು ತೆಗೆದು ಪ್ರತ್ಯೇಕ ನ್ಯಾಯಾಧೀಶರಿಗೆ ಒಪ್ಪಿಸಿತು. ಸಿದ್ಧಾಂತವು ಒಳ್ಳೆಯದು. ಆದರೆ ದೂರು ಹೇಳುವುದಕ್ಕೆ ತಲ್ಲೂರಿನವನು ಮಂಗಳೂರಿಗೆ ಹೋಗಬೇಕಾದರೆ ಸೀತಾ, ಸ್ವರ್ಣಾ, ಉದ್ಯಾವರ, ಶಾಂಭವಿ, ನಂದಿನಿ, ಫಲ್ಗುಣಿ ಇಷ್ಟು ಹೊಳೆಗಳ ಕಡವುಗಳನ್ನು ದಾಟಬೇಕು. ಮಳೆಗಾಲದಲ್ಲಿ ಆ ಪ್ರಯಾಣವನ್ನು ಊಹಿಸಿಕೊಳ್ಳಬಹುದು. ಸಾಕ್ಷಿಗಳನ್ನೂ ಸಂಗಡ ಕರೆದೊಯ್ಯಬೇಕು. ಗದ್ದೆಯ ಕೆಲಸ ನಿಲ್ಲಬೇಕು. ನ್ಯಾಯವು ದೂರವಾದರೆ ಇಲ್ಲದುದಕ್ಕೆ ಸಮಾನವೆಂಬುದು ಮನ್ರೋವಿನ ಆಕ್ಷೇಪವಾಗಿದ್ದಿತು. ೧೮೧೪ರಲ್ಲಿ ನ್ಯಾಯವ್ಯವಸ್ಥೆಯನ್ನು ತಿದ್ದುವ ಆಯೋಗದ ಮುಖ್ಯಸ್ಥನಾಗಿ ಅವನು ಮರಳಿಬಂದನು. ೧೮೧೬ರ ಕಾನೂನುಗಳಿಂದ ಗ್ರಾಮದ ಮುಖ್ಯಸ್ಥನಿಗೆ ಮುನ್ಸೀಫನ ಅಧಿಕಾರವೂ, ಪಂಚಾಯಿತಿಗಳಿಗೆ ಮನ್ನಣೆಯೂ ದೊರೆತವು; ಜೊತೆಗೆ ಮ್ಯಾಜಿಸ್ಟ್ರೇಟಿನ ಅಧಿಕಾರ ಕಲೆಕ್ಟರಿಗೂ, ಪೋಲೀಸು ತಹಸೀಲ್ದಾರನಿಗೂ ಹಿಂದಿರುಗಿದವು.

ಮನ್ರೋವಿನ ಉದ್ದೇಶ ಒಳ್ಳೆಯದೇ ಆಗಿದ್ದಿತು. ನ್ಯಾಯವನ್ನು ಊರಿನ ಹತ್ತಿರಕ್ಕೆ ತರಬೇಕೆಂದು ಅವನು ಬಯಸಿದನು. ಆದರೆ ಹತ್ತಿರಕ್ಕೆ ಬಂದುದು ನ್ಯಾಯವೊಂದೇ ಅಲ್ಲ. ಕಂದಾಯವನ್ನು ವಸೂಲು ಮಾಡುವ ಕೈ, ಕಳ್ಳನನ್ನು ಹಿಡಿಯುವ ಕೈ, ಹಿಡಿದವನನ್ನು ಪ್ರಶ್ನಿಸುವ ಕೈ, ಈ ಮೂರೂ ಒಂದೇ ಆದವು. ತಹಸೀಲ್ದಾರನ ಪೇದೆಯು ಬೆಳಗ್ಗೆ ತೆರಿಗೆಯ ಬಾಕಿಗಾಗಿಯೂ ಸಂಜೆ ಕಳವಿನ ಮಾಲಿಗಾಗಿಯೂ ಒಂದೇ ಬಾಗಿಲಿಗೆ ಬರತೊಡಗಿದನು. ಎರಡಕ್ಕೂ ಒಂದೇ ಉಪಾಯವು ಸಾಕಾಗುತ್ತಿದ್ದಿತು.

ಆ ಉಪಾಯವೇನೆಂಬುದು ಲೋಕಕ್ಕೆ ತಿಳಿದುದು ೧೮೫೫ರಲ್ಲಿ. ಹಿಂದಿನ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಈ ವಿಷಯವು ಪ್ರಸ್ತಾಪಕ್ಕೆ ಬಂದುದರಿಂದ ಮದರಾಸು ಸರ್ಕಾರವು ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗವನ್ನು ನೇಮಿಸಿತು. ಆ ಆಧಿಪತ್ಯದಲ್ಲಿ ಕಂದಾಯದ ವಸೂಲಿಗೂ ಅಪರಾಧಗಳ ಪತ್ತೆಗೂ ಚಿತ್ರಹಿಂಸೆಯು ಬಳಕೆಯಲ್ಲಿದೆಯೆಂದು ಆಯೋಗವು ನಿಸ್ಸಂದಿಗ್ಧವಾಗಿ ವರದಿ ಮಾಡಿತು. ಬೆರಳುಗಳನ್ನು ಮರದ ನಡುವೆ ಇಟ್ಟು ಅದುಮುವ ಕಿಟ್ಟಿ, ಕುತ್ತಿಗೆಯನ್ನು ಕಾಲಿಗೆ ಬಿಗಿದು ಬಾಗಿಸಿ ಬಿಸಿಲಿನಲ್ಲಿ ನಿಲ್ಲಿಸುವುದು, ಕಣ್ಣಿಗೆ ಮೆಣಸಿನ ಪುಡಿ, ಇವೆಲ್ಲ ಆ ವರದಿಯಲ್ಲಿ ದಾಖಲಾಗಿವೆ. ಕಿಟ್ಟಿಯೆಂಬ ಮಾತು ನಮ್ಮ ನಿಘಂಟುಗಳಲ್ಲಿ ಇಂದಿಗೂ ಉಳಿದಿದೆ. ಅದರ ನೋವನ್ನು ತಿಳಿದವರು ಮಾತ್ರ ಉಳಿದಿಲ್ಲ. ಹಿಂಸೆಗೊಳಗಾದವನಿಗೆ ಪರಿಹಾರ ದೊರೆಯುವುದು ಎಷ್ಟು ಕಷ್ಟವಾಗಿದ್ದಿತೆಂಬುದನ್ನೂ ಆಯೋಗವು ಎತ್ತಿತೋರಿಸಿತು. ಹೊಡೆದವನ ಮೇಲಿನ ದೂರನ್ನು ಹೊಡೆದವನ ಕಚೇರಿಗೇ ಕೊಡಬೇಕಾಗಿದ್ದಿತು.

ಇದರ ಫಲವಾಗಿ ೧೮೫೯ರ ೨೪ನೆಯ ಕಾಯಿದೆಯಿಂದ ಮದರಾಸಿನಲ್ಲಿ ಪೋಲೀಸು ಇಲಾಖೆಯು ಕಂದಾಯದಿಂದ ಬೇರೆಯಾಯಿತು. ಇದೇ ಕಾಲದಲ್ಲಿ ಕನ್ನಡ ಜಿಲ್ಲೆಯು ಉತ್ತರ, ದಕ್ಷಿಣವೆಂದು ಎರಡಾಯಿತು. ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿಗೆ ಹೋದಾಗ ಕುಂದಾಪುರದ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. ಮೆಕಾಲೆಯ ಆಯೋಗವು ೧೮೩೭ರಲ್ಲಿ ಸಿದ್ಧಪಡಿಸಿದ್ದ ದಂಡಸಂಹಿತೆಯು ೧೮೬೦ರಲ್ಲಿ ಅಂಗೀಕೃತವಾಗಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ೧೮೬೧ರ ದಂಡಪ್ರಕ್ರಿಯಾಸಂಹಿತೆಯಲ್ಲಿ ಮೊದಲು ಕಾಣಿಸಿಕೊಂಡ ಒಂದು ನಿಯಮವನ್ನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ನನು ೧೮೭೨ರ ಸಾಕ್ಷ್ಯಶಾಸನದಲ್ಲಿ ಸೇರಿಸಿದನು. ಅದರ ೨೫ನೆಯ ವಿಧಿಯಂತೆ ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ತರಕೂಡದು. ೨೬ನೆಯದರಂತೆ ಪೋಲೀಸರ ವಶದಲ್ಲಿರುವಾಗ ಬೇರೆ ಯಾರಿಗೆ ಮಾಡಿದ ತಪ್ಪೊಪ್ಪಿಗೆಯೂ, ಮ್ಯಾಜಿಸ್ಟ್ರೇಟನು ಎದುರಿಗಿದ್ದ ಹೊರತು, ನಡೆಯದು. ಹತ್ತಿರ ಹತ್ತಿರ ಎರಡು ಸಾವಿರ ವರ್ಷಗಳ ತರುವಾಯ ಮೊದಲ ಮಾಂಡವ್ಯನಿಗೆ ಶಾಸನದ ರಕ್ಷೆ ದೊರೆಯಿತೆನ್ನಬೇಕು.

ಈ ನಿಯಮವು ಇಂಗ್ಲೆಂಡಿನಲ್ಲಿ ಇರಲಿಲ್ಲ. ಅಲ್ಲಿ ಪೋಲೀಸರಿಗೆ ಸ್ವಇಚ್ಛೆಯಿಂದ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿದ್ದಿತು. ಆದುದರಿಂದ ಇದು ನಮ್ಮ ಪೋಲೀಸಿನ ಮೇಲಿನ ಅವಿಶ್ವಾಸದ ಗುರುತೆಂದೂ, ಪರಕೀಯರ ಸರ್ಕಾರದ ತಿರಸ್ಕಾರದ ಫಲವೆಂದೂ ಹೇಳುವವರುಂಟು. ಆದರೆ ನೆರಳಿನಲ್ಲಿ ಕುಳಿತು ಒಬ್ಬ ಬಡವನನ್ನು ಹಿಂಸಿಸುವುದು ಬಿಸಿಲಿನಲ್ಲಿ ಅಲೆದು ಸಾಕ್ಷ್ಯವನ್ನು ಹುಡುಕುವುದಕ್ಕಿಂತ ಸುಲಭವಾದ ಕೆಲಸವೆಂಬ ಸಂಗತಿಯನ್ನು ಸ್ಟೀಫನ್ನನು ಇಲ್ಲಿಯ ಅನುಭವಿ ಅಧಿಕಾರಿಯಿಂದಲೇ ಕೇಳಿ ತನ್ನ ಇತಿಹಾಸಗ್ರಂಥದಲ್ಲಿ ಬರೆದಿಟ್ಟನು. ತಪ್ಪೊಪ್ಪಿಗೆಗೆ ಬೆಲೆಯಿರುವವರೆಗೆ ಅದನ್ನು ಹಿಂಡಿ ತೆಗೆಯುವ ಆಸೆಯೂ ಇರುತ್ತದೆ. ಬೆಲೆಯನ್ನು ತೆಗೆದರೆ ಪೋಲೀಸನು ಕಾಲ್ನಡೆಯ ತನಿಖೆಗೆ ಹೊರಡಲೇಬೇಕಾಗುತ್ತದೆ. ನಿಯಮದ ತಿರುಳು ಇದು; ಜಾತಿ ದೇಶಗಳ ಅವಮಾನವಲ್ಲ.

ಆದರೆ ಅದೇ ಶಾಸನವು ಒಂದು ಕಿಟಕಿಯನ್ನು ತೆರೆದೇ ಇಟ್ಟಿತು. ೨೭ನೆಯ ವಿಧಿಯಂತೆ, ಬಂಧಿತನ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಪಟ್ಟಷ್ಟು ಮಾತನ್ನು ಸಾಕ್ಷ್ಯವಾಗಿ ತರಬಹುದು. ಎಷ್ಟು ಮಾತು ಸಂಬಂಧಪಟ್ಟದ್ದು? ೧೯೪೬ರ ಡಿಸೆಂಬರಿನಲ್ಲಿ ಪುಲುಕೂರಿ ಕೋಟಯ್ಯನೆಂಬುವನ ಮೊಕದ್ದಮೆಯಲ್ಲಿ, ಮದರಾಸಿನಿಂದ ಹೋದ ಮನವಿಯ ಮೇಲೆ, ಪ್ರಿವಿ ಕೌನ್ಸಿಲಿನವರು ಇದಕ್ಕೆ ಗೆರೆಯೆಳೆದರು. ನಮ್ಮ ಒಕ್ಕಲಿಗನು ಕತ್ತಿಯು ಅಟ್ಟದ ಮೇಲಿದೆಯೆಂದು ಹೇಳಿ ಅದು ಅಲ್ಲಿಯೇ ಸಿಕ್ಕಿದರೆ, ಅದು ಅಲ್ಲಿದ್ದುದು ಅವನಿಗೆ ತಿಳಿದಿತ್ತೆಂಬಷ್ಟು ಮಾತ್ರ ಸಿದ್ಧವಾಯಿತು. ಅದರಿಂದಲೇ ಇರಿದೆನೆಂದು ಸೇರಿಸಿದ ಮಾತನ್ನು ನ್ಯಾಯಸ್ಥಾನವು ಕೇಳಕೂಡದು. ಒಂದು ವಾಕ್ಯವನ್ನು ಹೀಗೆ ಎರಡಾಗಿ ಸೀಳುವುದು ಲೌಕಿಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಬ್ಬನ ಕುತ್ತಿಗೆಯು ಆ ಸೀಳಿನ ಮೇಲೆ ನಿಂತಿರುವುದರಿಂದ ಅದು ಪಂಡಿತರ ಕಾಲಹರಣವಲ್ಲ.

ಮಾತಿನ ವಿಚಾರ ಬಂದುದರಿಂದ ನಮ್ಮ ಸೀಮೆಗೇ ವಿಶೇಷವಾದ ಒಂದು ಸಂಗತಿಯನ್ನು ಹೇಳಬೇಕು. ಕುಂದಾಪುರದ ಕನ್ನಡದಲ್ಲಿ ಕೇಳಿ ತಿಳಿದ ಸಂಗತಿಯನ್ನು ಹೇಳುವಾಗ ವಾಕ್ಯದ ಕೊನೆಗೆ ‘ಅಂಬ್ರು’ ಎಂದು ಸೇರಿಸುವುದುಂಟು. ಹೀಗೆಂದು ಜನರು ಹೇಳುತ್ತಾರೆ, ನಾನು ಕಂಡುದಲ್ಲ ಎಂಬುದು ಅದರ ಅರ್ಥ. ಸಾಕ್ಷ್ಯಶಾಸನವು ಕಂಡವನ ಮಾತಿಗೂ ಕೇಳಿದವನ ಮಾತಿಗೂ ಇಡುವ ಅಂತರವನ್ನು ಈ ಭಾಷೆಯು ಒಂದು ಚಿಕ್ಕ ಪದದಲ್ಲಿಯೇ ಇಟ್ಟುಕೊಂಡಿದೆ. ಅದನ್ನು ಕಚೇರಿಯ ಗುಮಾಸ್ತನು ಪುಸ್ತಕದ ಕನ್ನಡಕ್ಕೆ ತಿರುಗಿಸಿ, ಅಲ್ಲಿಂದ ಇಂಗ್ಲಿಷಿಗೆ ಭಾಷಾಂತರಿಸಿದಾಗ ಮೊದಲು ಉದುರಿಹೋಗುವುದು ಆ ಪದವೇ. ಊರಿನ ವದಂತಿಯು ಸಾಕ್ಷಿಯ ಹೇಳಿಕೆಯಾಗಿ, ಹೇಳಿಕೆಯು ಶಿಕ್ಷೆಗೆ ಆಧಾರವಾಗುವುದಕ್ಕೆ ಇಷ್ಟೇ ಸಾಕು. ನ್ಯಾಯಸ್ಥಾನದಲ್ಲಿ ಆರೋಪಿಯ ಭಾಷೆ ನಡೆಯಬೇಕೆಂದು ಹೇಳುವಾಗ ಭಾಷಾಭಿಮಾನಕ್ಕಿಂತ ಮೇಲಾದ ಕಾರಣವು ನಮ್ಮೆದುರಿಗಿದೆ.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ರಕ್ಷಣೆಗಳನ್ನು ಸಾಧಾರಣ ಶಾಸನದ ಮಟ್ಟದಿಂದ ಮೇಲಕ್ಕೆತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲಾತ್ಕರಿಸಕೂಡದೆಂದು ೨೦ನೆಯ ಅನುಚ್ಛೇದದ ಮೂರನೆಯ ಖಂಡವು ವಿಧಿಸಿತು. ಇದು ಎರಡನೆಯ ಮಾಂಡವ್ಯನಿಗೆ, ಎಂದರೆ ಮೌನಕ್ಕೆ ದೊರೆತ ರಕ್ಷೆ. ಬಂಧಿತನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟನ ಮುಂದೆ ತರಬೇಕು, ವಕೀಲನನ್ನು ಕಾಣಲು ಬಿಡಬೇಕು ಎಂದು ೨೨ನೆಯದು ಹೇಳಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂಬ ೫೦ನೆಯ ಅನುಚ್ಛೇದವು ಮನ್ರೋವಿನ ವ್ಯವಸ್ಥೆಗೆ ಕೊನೆಯ ಉತ್ತರದಂತಿದೆ. ೧೯೭೩ರ ದಂಡಪ್ರಕ್ರಿಯಾಸಂಹಿತೆಯಿಂದ ಅದು ದೇಶದಲ್ಲೆಲ್ಲ ಕಾರ್ಯಗತವಾಯಿತು. ಈ ನಡುವೆ ೧೯೫೬ರ ನವೆಂಬರ್ ೧ರಂದು ತಲ್ಲೂರು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೂ, ೧೯೯೭ರಲ್ಲಿ ಹೊಸ ಉಡುಪಿ ಜಿಲ್ಲೆಗೂ ಸೇರಿತು. ವಕೀಲನಿಗೆ ಹಣವಿಲ್ಲದವನ ಗತಿಯೇನೆಂಬ ಪ್ರಶ್ನೆಗೆ ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೩೯ಎ ಅನುಚ್ಛೇದ, ೧೯೭೯ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು, ೧೯೮೭ರ ಕಾನೂನುಸೇವಾ ಪ್ರಾಧಿಕಾರಗಳ ಕಾಯಿದೆ ಇವು ಉತ್ತರವನ್ನು ಕೊಟ್ಟವು. ೧೯೯೬ರ ಡಿ. ಕೆ. ಬಸು ಮೊಕದ್ದಮೆಯಲ್ಲಿ ಬಂಧನದ ಕಾಲದಲ್ಲಿ ಪಾಲಿಸಬೇಕಾದ ಹನ್ನೊಂದು ಸೂತ್ರಗಳು ಹೊರಟವು. ೧೮೫೫ರ ವರದಿಯಾಗಿ ನೂರನಲವತ್ತು ವರ್ಷಗಳ ಮೇಲೆಯೂ ಇಂಥ ಸೂತ್ರಗಳು ಬೇಕಾದುವೆಂಬುದೇ ಕಿಟ್ಟಿಯ ವಂಶವು ನಿರ್ಮೂಲವಾಗಿಲ್ಲವೆಂಬುದಕ್ಕೆ ಸಾಕ್ಷಿ.

ಇಷ್ಟೆಲ್ಲ ರಕ್ಷೆಗಳಿರುವಾಗ ಅಪರಾಧಿಗಳು ತಪ್ಪಿಸಿಕೊಳ್ಳುವುದಿಲ್ಲವೆ? ಈ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ಎತ್ತಿದವರು ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು. ಕರ್ನಾಟಕ ಹಾಗೂ ಕೇರಳದ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರಾಗಿದ್ದ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ೨೦೦೦ದಲ್ಲಿ ನೇಮಿಸಿದ ಸಮಿತಿಯು ೨೦೦೩ರಲ್ಲಿ ೧೫೮ ಶಿಫಾರಸುಗಳ ವರದಿಯನ್ನು ಒಪ್ಪಿಸಿತು. ಸತ್ಯಾನ್ವೇಷಣೆಯೇ ನ್ಯಾಯಸ್ಥಾನದ ಗುರಿಯಾಗಬೇಕು. ನ್ಯಾಯಾಧೀಶನು ಎರಡು ಪಕ್ಷಗಳ ಜಗಳವನ್ನು ನೋಡುತ್ತ ಕುಳಿತ ತೀರ್ಪುಗಾರನಂತಿರದೆ ತಾನೇ ಸತ್ಯವನ್ನು ಅರಸಬೇಕು. ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಗಬೇಕೆಂಬ ಅಳತೆಯನ್ನು ಸಡಿಲಿಸಿ, ಇದು ನಿಜವೆಂದು ನ್ಯಾಯಸ್ಥಾನಕ್ಕೆ ಮನವರಿಕೆಯಾದರೆ ಸಾಕೆನ್ನಬೇಕು. ಹಿರಿಯ ಪೋಲೀಸು ಅಧಿಕಾರಿಯ ಮುಂದೆ ಧ್ವನಿ ಚಿತ್ರ ಸಹಿತವಾಗಿ ದಾಖಲಾದ ತಪ್ಪೊಪ್ಪಿಗೆಗೆ ಬೆಲೆ ಕೊಡಬೇಕು. ಆರೋಪಿಯು ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅವನಿಗೆ ಪ್ರತಿಕೂಲವಾದ ಊಹೆ ಮಾಡಲು ಅವಕಾಶವಿರಬೇಕು, ಇವು ಆ ವರದಿಯ ಮುಖ್ಯ ಸೂಚನೆಗಳು. ಆರೋಪಿಯ ಹಕ್ಕುಗಳನ್ನು ಒಂದು ಪಟ್ಟಿಯಾಗಿ ಬರೆದು ಪ್ರಾಂತಭಾಷೆಗಳಲ್ಲಿ ಅವನಿಗೆ ಕೊಡಬೇಕೆಂದೂ, ಅಪರಾಧಕ್ಕೆ ಬಲಿಯಾದವರಿಗೆ ವಿಚಾರಣೆಯಲ್ಲಿ ಸ್ಥಾನವೂ ಪರಿಹಾರವೂ ಇರಬೇಕೆಂದೂ ಅದೇ ವರದಿ ಹೇಳಿತೆಂಬುದನ್ನು ಅದರ ಟೀಕಾಕಾರರು ಮರೆಯಬಾರದು.

ಮಳಿಮಠರ ಕಳಕಳಿಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಕುಂದಾಪುರದ ನ್ಯಾಯಸ್ಥಾನದ ಮೆಟ್ಟಿಲನ್ನು ವರ್ಷಗಟ್ಟಲೆ ಹತ್ತಿಳಿದು, ಕೊನೆಗೆ ಸಾಕ್ಷ್ಯ ಸಾಲದೆಂದು ಆರೋಪಿಯು ಬಿಡುಗಡೆಯಾದುದನ್ನು ಕಂಡರೆ, ಅವಳಿಗೆ ೨೫ನೆಯ ವಿಧಿಯ ಮಹಿಮೆಯನ್ನು ಯಾವ ಬಾಯಿಂದ ಹೇಳುವುದು? ಅವಳ ದುಃಖಕ್ಕೆ ಸಮಾಧಾನವಿಲ್ಲದ ನ್ಯಾಯವು ಪೂರ್ಣವಾದ ನ್ಯಾಯವಲ್ಲ. ಆದರೆ ಆರೋಪಿಯು ಬಿಡುಗಡೆಯಾದುದು ಏಕೆಂದು ವಿಚಾರಿಸಬೇಕು. ತನಿಖೆಯು ತಡವಾಗಿ, ಸಾಕ್ಷಿಗಳು ಹೆದರಿ, ವೈದ್ಯರ ವರದಿಯು ಅಸ್ಪಷ್ಟವಾಗಿ, ಮೊಕದ್ದಮೆಯು ಹತ್ತು ವರ್ಷ ಎಳೆದುದರಿಂದ ಬಿಡುಗಡೆಯಾಗಿದ್ದರೆ, ಅದಕ್ಕೆ ಆರೋಪಿಯ ಮೌನವು ಕಾರಣವಲ್ಲ. ಅಳತೆಗೋಲನ್ನು ಚಿಕ್ಕದು ಮಾಡಿದರೆ ಬಟ್ಟೆಯು ಉದ್ದವಾಗಿ ಕಾಣಬಹುದು. ಉಡುವವನಿಗೆ ಮಾತ್ರ ಅದು ಸಾಲದು. ಅಲ್ಲದೆ ಮಾತಾಡದವನು ಯಾವಾಗಲೂ ಮರೆಮಾಚುವವನೆಂದು ಹೇಳಲಾಗದು. ಅಂಜಿಕೆಯವನು, ಅಕ್ಷರವಿಲ್ಲದವನು, ಕಚೇರಿಯ ಭಾಷೆಯನ್ನರಿಯದವನು, ಬೇರೊಬ್ಬರ ಮಾನವನ್ನು ಕಾಪಾಡುವವನು, ಇವರೂ ಸುಮ್ಮನಿರುತ್ತಾರೆ.

ತಪ್ಪೊಪ್ಪಿಗೆಯ ನಿಯಮವನ್ನು ಸಡಿಲಿಸಿದರೆ ಏನಾಗುವುದೆಂಬುದಕ್ಕೆ ನಮ್ಮಲ್ಲಿಯೇ ಅನುಭವವುಂಟು. ೧೯೮೭ರ ಟಾಡಾ ಕಾಯಿದೆಯು ಸೂಪರಿಂಟೆಂಡೆಂಟ್ ದರ್ಜೆಯ ಪೋಲೀಸು ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಎಣಿಸಿತು. ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಅದನ್ನು ಊರ್ಜಿತಗೊಳಿಸಿತಾದರೂ ಅದಕ್ಕೆ ಹಲವು ಕಟ್ಟುಗಳನ್ನು ಹಾಕಿತು. ೧೯೯೫ರಲ್ಲಿ ಆ ಕಾಯಿದೆಯು ನಿಂತುಹೋಯಿತು. ೨೦೦೨ರ ಪೋಟಾ ಕಾಯಿದೆಯಲ್ಲಿಯೂ ಇಂಥದೇ ಏರ್ಪಾಡಿದ್ದು ೨೦೦೪ರಲ್ಲಿ ಅದು ರದ್ದಾಯಿತು. ಸಂಘಟಿತ ಅಪರಾಧಗಳನ್ನು ಹತ್ತಿಕ್ಕುವುದಕ್ಕಾಗಿ ಕರ್ನಾಟಕವು ಮಾಡಿಕೊಂಡ ೨೦೦೦ದ ಕಾಯಿದೆಯಲ್ಲಿ ಈ ಅಪವಾದವು ಇನ್ನೂ ಇದೆ. ಆಪತ್ಕಾಲದ ಮದ್ದೆಂದು ತಂದುದು ದಿನದ ಆಹಾರವಾಗದಂತೆ ನೋಡಿಕೊಳ್ಳುವುದು ಪ್ರಜೆಗಳ ಕೆಲಸ.

ವಿಜ್ಞಾನವಾದರೂ ಈ ತೊಡಕನ್ನು ಬಿಡಿಸಲಾರದೆ ಎಂಬ ಆಸೆಯೂ ಒಮ್ಮೆ ಹುಟ್ಟಿತು. ಮತ್ತು ಬರಿಸುವ ಔಷಧವನ್ನು ಚುಚ್ಚಿ ಆರೋಪಿಯಿಂದ ಸತ್ಯವನ್ನು ಹೇಳಿಸುವ ಪರೀಕ್ಷೆಗಳಿಗೆ ಬೆಂಗಳೂರಿನ ಪ್ರಯೋಗಾಲಯವು ಒಂದು ಕಾಲಕ್ಕೆ ಹೆಸರಾಗಿದ್ದಿತು. ಇಲ್ಲಿ ಕಿಟ್ಟಿಯಿಲ್ಲ, ಮೆಣಸಿನ ಪುಡಿಯಿಲ್ಲ. ಬಿಳಿಯ ಅಂಗಿಯ ವೈದ್ಯನಿದ್ದಾನೆ. ಸೆಲ್ವಿ ಎಂಬಾಕೆಯು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರ ಮೇ ೫ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಯನ್ನು ನಡೆಸುವುದು ೨೦ನೆಯ ಅನುಚ್ಛೇದಕ್ಕೂ ಮನುಷ್ಯನ ಘನತೆಗೂ ವಿರುದ್ಧವೆಂದು ನಿರ್ಣಯಿಸಿತು. ಒಪ್ಪಿಗೆಯಿಂದ ನಡೆದುದರ ಫಲವೂ ತಾನಾಗಿಯೇ ಸಾಕ್ಷ್ಯವಾಗದೆಂದೂ ಹೇಳಿತು. ನೋವನ್ನು ಕೊಡುವುದೊಂದೇ ತಪ್ಪಲ್ಲ, ಮನುಷ್ಯನ ಇಚ್ಛೆಯನ್ನು ದಾಟಿ ಅವನ ಮನಸ್ಸಿನೊಳಕ್ಕೆ ಕೈಹಾಕುವುದೂ ತಪ್ಪೇ ಎಂಬ ಈ ವಿವೇಕವು ಕೌಟಿಲ್ಯನಿಂದ ಬಹುದೂರ ನಡೆದುಬಂದುದರ ಗುರುತು.

ಮಳಿಮಠ ಸಮಿತಿಯು ಹೇಳಿದ ವಿಷಯಗಳಲ್ಲಿ ಪರಿಹಾರಧನ, ಅಲ್ಪಶಿಕ್ಷೆಯ ಒಪ್ಪಂದ ಮುಂತಾದುವು ಕ್ರಮೇಣ ಶಾಸನದೊಳಗೆ ಬಂದವು. ಪೋಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕುರಿತ ಸೂಚನೆ ಮಾತ್ರ ಬರಲಿಲ್ಲ. ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ವಿಧಿಯಲ್ಲಿ ಹಳೆಯ ೨೫, ೨೬, ೨೭ ಮೂರೂ ಸೇರಿ ಹಾಗೆಯೇ ಉಳಿದಿವೆ. ಹೊಸ ಪ್ರಕ್ರಿಯಾಸಂಹಿತೆಯು ಶೋಧನೆಯನ್ನು ಚಿತ್ರೀಕರಿಸಬೇಕೆಂದು ವಿಧಿಸಿದುದು ಆರೋಪಿಗೆ ಅನುಕೂಲ. ಪೋಲೀಸು ವಶದ ಹದಿನೈದು ದಿನಗಳನ್ನು ಒಂದೇ ಸಲ ಮುಗಿಸದೆ ನಲವತ್ತು ಅಥವಾ ಅರುವತ್ತು ದಿನಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಕೇಳಲು ಅವಕಾಶ ಕೊಟ್ಟುದು ಪ್ರತಿಕೂಲ. ಮೊದಲ ಸಲ ಆಪಾದಿತನಾದವನು, ಮರಣದಂಡನೆ ಆಜೀವ ಶಿಕ್ಷೆಗಳ ಅಪರಾಧವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಗೆ ಮುಂಚೆಯೇ ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನೆಂಬ ನಿಯಮವೂ ಅಲ್ಲಿದೆ. ಅದರ ಅಗತ್ಯವೆಷ್ಟೆಂದರೆ, ೨೦೨೨ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದವರಲ್ಲಿ ನಾಲ್ವರಿಗೆ ಸುಮಾರು ಮೂವರು ಇನ್ನೂ ತೀರ್ಪಾಗದವರು. ಅಪರಾಧಿಗಳೆಂದು ಯಾರೂ ನಿರ್ಣಯಿಸದೆಯೇ ಅವರು ಶಿಕ್ಷೆಯನ್ನು ಅನುಭವಿಸುತ್ತಿದ್ದರು.

ಈ ದೀರ್ಘವಾದ ಕಥೆಯಿಂದ ನಮಗೆ ತೋರುವ ಪಾಠವಿಷ್ಟು. ಆರೋಪಿಯ ಹಕ್ಕುಗಳು ಅಪರಾಧಿಗಳ ಮೇಲಿನ ಕನಿಕರದಿಂದ ಹುಟ್ಟಿದುವಲ್ಲ. ಅವು ತಪ್ಪು ತೀರ್ಪುಗಳ ಅನುಭವದಿಂದ, ಒಂದೊಂದಾಗಿ, ಯಾರದೋ ಬೆರಳಿನ ನೋವನ್ನು ಬೆಲೆಯಾಗಿ ತೆತ್ತು ದೊರೆತವು. ಅವುಗಳಲ್ಲಿ ಯಾವುದನ್ನಾದರೂ ಸಡಿಲಿಸಬೇಕೆಂದು ಸಲಹೆ ಬಂದಾಗ, ಅದು ಯಾವ ಅನ್ಯಾಯವನ್ನು ತಡೆಯುವುದಕ್ಕಾಗಿ ಹುಟ್ಟಿತು, ಆ ಅನ್ಯಾಯವು ಈಗ ನಿಂತಿದೆಯೆ ಎಂದು ಕೇಳುವುದು ವಿವೇಕ. ನಿಂತಿದ್ದರೆ ಸಡಿಲಿಸೋಣ. ಒಳ್ಳೆಯ ತನಿಖೆ, ಸಾಕ್ಷಿಗಳಿಗೆ ರಕ್ಷಣೆ, ಬೇಗನೆ ತೀರುವ ವಿಚಾರಣೆ, ಆರೋಪಿಗೆ ಅರ್ಥವಾಗುವ ಭಾಷೆ, ಬಡವನಿಗೂ ಒಬ್ಬ ಸಮರ್ಥ ವಕೀಲ, ಇವುಗಳಿಗೆ ಖರ್ಚು ಹೆಚ್ಚು, ಕೀರ್ತಿ ಕಡಿಮೆ. ಆದರೆ ನೊಂದ ತಾಯಿಗೂ ನಿರಪರಾಧಿಯಾದ ಒಕ್ಕಲಿಗನಿಗೂ ಏಕಕಾಲದಲ್ಲಿ ನ್ಯಾಯವನ್ನು ಕೊಡಬಲ್ಲ ಸುಧಾರಣೆಗಳು ಇವೇ. ಶಾಸನಸಭೆಗಳಲ್ಲಿ ಮುಂದೆ ಈ ವಿಷಯವು ಚರ್ಚೆಗೆ ಬಂದಾಗ, ಆ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಭಿಪ್ರಾಯವನ್ನು ಕೊಡುವುದು ವಿದ್ಯಾವಂತರಾದ ಪ್ರಜೆಗಳ ಕರ್ತವ್ಯವೆಂದು ನಾವು ನಂಬಿದ್ದೇವೆ.